ಆಟದೊಳಗಿನ ‘ರಾಮಾ ಮ್ಯಾಪ್’

ಮಕ್ಕಳೇ, ನಿಮ್ಮಲ್ಲಿ ಯಾರಾದರೂ ಫೋಲ್ಡಿಟ್ ಆಡಿದ್ದೀರಾ? ಅಮೆರಿಕದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2008ರಲ್ಲಿ ಹೊರತಂದ ಕಂಪ್ಯೂಟರ್ ಆಟ ಅದು. ತೆರೆಯ ಮೇಲೆ ಪ್ರೋಟೀನಿನ ಸರಪಳಿಯೊಂದು ಇರುತ್ತದೆ. ಎಳೆದು, ತಿರುಚಿ, ಮಡಿಸಿ ಅದನ್ನು ಒಳ್ಳೆಯ ಆಕಾರಕ್ಕೆ ತಂದಷ್ಟೂ ಅಂಕ ಏರುತ್ತದೆ. ಕೋತಿಗಳಿಗೆ ಏಡ್ಸ್‌ನಂಥ ಕಾಯಿಲೆ ತರುವ ವೈರಸ್ಸಿನ ಒಂದು ಪ್ರೋಟೀನು ಹತ್ತು ವರ್ಷಕ್ಕೂ ಹೆಚ್ಚು ಕಾಲ ವಿಜ್ಞಾನಿಗಳನ್ನು ಸತಾಯಿಸಿತ್ತು. ಅದರ ಆಕಾರ ಬಿಡಿಸಲು 2011ರಲ್ಲಿ ನೆರವಾದವರು ಈ ಆಟ ಆಡುವವರೇ.

ಆ ಆಟದಲ್ಲಿ ‘ರಾಮಾ ಮ್ಯಾಪ್’ ಎಂಬ ಕಿಟಕಿಯಿದೆ. ಈ ರಾಮ ಅಯೋಧ್ಯೆಯ ರಾಮನಲ್ಲ, ವಿಜ್ಞಾನಿ ಜಿ. ಎನ್. ರಾಮಚಂದ್ರನ್.

ಹುಟ್ಟಿದ್ದು 1922ರಲ್ಲಿ, ಎರ್ನಾಕುಲಂನಲ್ಲಿ. ನಮ್ಮ ಬೆಂಗಳೂರಿನವರು ಇಂದಿಗೂ ಟಾಟಾ ಇನ್‌ಸ್ಟಿಟ್ಯೂಟ್ ಎನ್ನುವ ಭಾರತೀಯ ವಿಜ್ಞಾನ ಸಂಸ್ಥೆಗೆ ಸೇರಿದ್ದು ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಲು. ಅಲ್ಲಿ ಅವರನ್ನು ಸಿ. ವಿ. ರಾಮನ್ ಭೌತಶಾಸ್ತ್ರಕ್ಕೆ ಸೆಳೆದುಕೊಂಡರು. ಆಮೇಲೆ ಕೇಂಬ್ರಿಡ್ಜ್, ಮುಂದೆ ಮದ್ರಾಸು.

ಮದ್ರಾಸಿನಲ್ಲಿ ಅವರು ಹಿಡಿದದ್ದು ಕೊಲ್ಯಾಜೆನ್ ಎಂಬ ಪ್ರೋಟೀನನ್ನು. ನಮ್ಮ ಚರ್ಮ, ಮೂಳೆ, ಸ್ನಾಯುರಜ್ಜುಗಳಿಗೆ ಗಟ್ಟಿತನ ಕೊಡುವುದು ಇದೇ. ಮೂರು ಎಳೆಗಳು ಹೆಣೆದುಕೊಂಡು ಅದು ಆಗಿದೆ ಎಂದು ಗೋಪೀನಾಥ ಕರ್ತಾ ಅವರೊಂದಿಗೆ 1954ರಲ್ಲಿ ತೋರಿಸಿದರು. ತಕರಾರು ಬಂತು: ನಿಮ್ಮ ಮಾದರಿಯಲ್ಲಿ ಕೆಲವು ಪರಮಾಣುಗಳು ತೀರಾ ಹತ್ತಿರ ಬಂದಿವೆಯಲ್ಲ? ತಕರಾರು ತೆಗೆದವರಲ್ಲಿ ವಿಜ್ಞಾನಿ ಫ್ರಾನ್ಸಿಸ್ ಕ್ರಿಕ್ ಕೂಡ ಒಬ್ಬರು. ರಾಮಚಂದ್ರನ್ ಆ ಪ್ರಶ್ನೆಯನ್ನೇ ಎತ್ತಿಕೊಂಡರು. ಎರಡು ಪರಮಾಣುಗಳು ಎಷ್ಟು ಹತ್ತಿರ ಬರಬಹುದು, ಹಾಗಾದರೆ ಸರಪಳಿ ಯಾವ ಯಾವ ರೀತಿ ತಿರುಗಬಹುದು?

ಪ್ರೋಟೀನು ಅಮೈನೊ ಆಮ್ಲಗಳ ಸರಪಳಿ. ಪ್ರತಿ ಕೊಂಡಿಯಲ್ಲೂ ಮುಖ್ಯವಾಗಿ ಎರಡು ಕಡೆ ತಿರುವು ಸಾಧ್ಯ; ಆ ಕೋನಗಳ ಹೆಸರು ಫೈ ಮತ್ತು ಸೈ. ಹಾಗೆಂದು ಹೇಗೆ ಬೇಕಾದರೂ ತಿರುಗುವಂತಿಲ್ಲ. ಮೊಣಕೈಯನ್ನು ಹಿಂದಕ್ಕೆ ಮಡಿಸಲು ನೋಡಿ, ಆಗದು. ಇಲ್ಲೂ ಹಾಗೆಯೇ, ಪರಮಾಣುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತವೆ. ವಿದ್ಯಾರ್ಥಿಗಳಾದ ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಜೊತೆ ಕೂತು, ಮೇಜಿನ ಮೇಲಿನ ಲೆಕ್ಕದ ಯಂತ್ರದಲ್ಲಿ ಕೋನಕ್ಕೆ ಕೋನ ಸೇರಿಸಿ ದೂರಗಳನ್ನು ಲೆಕ್ಕಹಾಕಿದರು. ಫಲವಾಗಿ ಬಂದದ್ದು 1963ರ ಒಂದು ಚೌಕ: ಅಡ್ಡಕ್ಕೆ ಫೈ, ಉದ್ದಕ್ಕೆ ಸೈ. ಆಟದೊಳಗಿನ ‘ರಾಮಾ ಮ್ಯಾಪ್’ ಇದೇ. ಬಹುಪಾಲು ಜಾಗ ಖಾಲಿ, ಅಲ್ಲಿ ಸರಪಳಿಗೆ ಪ್ರವೇಶವಿಲ್ಲ. ಉಳಿದ ಕೆಲವು ದ್ವೀಪಗಳಲ್ಲೇ ಪ್ರೋಟೀನುಗಳ ಬದುಕೆಲ್ಲ. ಇದಕ್ಕೆ ನೊಬೆಲ್ ಬರಲಿಲ್ಲ. ಬರಬೇಕಿತ್ತು ಎನ್ನುವವರಲ್ಲಿ ನಾನೂ ಒಬ್ಬ.

1970ರ ದಶಕದ ಆರಂಭದಲ್ಲಿ ಅವರು ಬೆಂಗಳೂರಿಗೆ ಮರಳಿ, ತಾವು ಓದಿದ ಸಂಸ್ಥೆಯಲ್ಲೇ ಜೀವಭೌತಶಾಸ್ತ್ರದ ವಿಭಾಗ ಕಟ್ಟಿದರು. ಆ ಇಬ್ಬರು ಶಿಷ್ಯರೂ ಅಲ್ಲಿ ಪ್ರಾಧ್ಯಾಪಕರಾದರು.

ಅವರ ಚೌಕ ಇಂದಿಗೂ ಕೆಲಸ ಮಾಡುತ್ತಿದೆ. ಪ್ರೋಟೀನುಗಳ ಆಕಾರಗಳ ಭಂಡಾರವಾದ ಪ್ರೋಟೀನ್ ಡೇಟಾ ಬ್ಯಾಂಕ್ ಶುರುವಾದದ್ದು 1971ರಲ್ಲಿ, ಬರೀ ಏಳು ಆಕಾರಗಳೊಂದಿಗೆ. ಇಂದು ಅಲ್ಲಿ ಎರಡು ಲಕ್ಷಕ್ಕೂ ಹೆಚ್ಚಿವೆ. ಕಾಸು ಕೊಡಬೇಕಿಲ್ಲ, ಯಾರ ಅಪ್ಪಣೆಯೂ ಬೇಡ. ಅದರ ಜಾಲತಾಣದಲ್ಲಿ 4ಎಚ್‌ಎಚ್‌ಬಿ ಎಂದು ಹುಡುಕಿದರೆ ನಿಮ್ಮ ರಕ್ತದ ಹಿಮೋಗ್ಲೋಬಿನ್ ಬರುತ್ತದೆ. ಬೆರಳಲ್ಲಿ ತಿರುಗಿಸಿ ನೋಡಬಹುದು. ಪಕ್ಕದಲ್ಲೇ ಕೆಂಪಿನಿಂದ ನೀಲಿಗೆ ಹೋಗುವ ಪಟ್ಟಿಗಳಿರುತ್ತವೆ, ಆಕಾರ ಎಷ್ಟು ನಂಬಲರ್ಹ ಎಂದು ಹೇಳಲು. ಅವುಗಳಲ್ಲೊಂದರ ಮೇಲೆ ರಾಮಚಂದ್ರನ್ ಹೆಸರಿದೆ. ಗುರುತು ಕೆಂಪಿನ ಕಡೆಗಿದ್ದರೆ, ಇರಬಾರದ ಜಾಗದಲ್ಲಿ ಹಲವು ಕೊಂಡಿಗಳಿವೆ ಎಂದರ್ಥ. ಗ್ಲೈಸೀನ್ ಎಂಬ ಪುಟಾಣಿ ಅಮೈನೊ ಆಮ್ಲಕ್ಕೆ ಮಾತ್ರ ನಿಯಮ ಸಡಿಲ: ಪಕ್ಕಕ್ಕೆ ಚಾಚಿಕೊಳ್ಳಲು ಅದಕ್ಕೆ ಇರುವುದೇ ಒಂದು ಹೈಡ್ರೋಜನ್, ಇನ್ನು ಡಿಕ್ಕಿ ಹೊಡೆಯುವುದೇನನ್ನು!