ರಾಗಿ ಲಕ್ಷ್ಮಣಯ್ಯ

ನಮ್ಮ ಯಮಕನಮರಡಿ ಕಡೆ ಊಟವೆಂದರೆ ಜೋಳದ ರೊಟ್ಟಿ. ನನಗೆ ರಾಗಿಮುದ್ದೆಯ ಪರಿಚಯವಾದದ್ದು ನೌಕರಿಗೆಂದು ಬೆಂಗಳೂರಿಗೆ ಹೋದ ಮೇಲೆ. ಆ ಮುದ್ದೆಯ ಹಿಂದಿರುವ ಒಬ್ಬ ವಿಜ್ಞಾನಿಯ ಹೆಸರು ನಮ್ಮ ಶಾಲೆಯ ಮಕ್ಕಳಿಗೂ ಗೊತ್ತಿರಲೆಂದು ಇದನ್ನು ಬರೆಯುತ್ತಿದ್ದೇನೆ.

ಸಿ.ಎಚ್. ಲಕ್ಷ್ಮಣಯ್ಯನವರು 1921ರಲ್ಲಿ ಮೈಸೂರು ಸೀಮೆಯಲ್ಲಿ ಹುಟ್ಟಿದರು. ಮಂಡ್ಯದ ವಿ.ಸಿ. ಫಾರ್ಮಿನಲ್ಲಿ ರಾಗಿಗಾಗಿಯೇ ದುಡಿದರು. ರಾಗಿಯನ್ನು ಬಡವರ ಕಾಳೆಂದು ಕಡೆಗಣಿಸುತ್ತಿದ್ದ ಕಾಲವದು. ಮಳೆಯನ್ನೇ ನಂಬಿದ ಹೊಲದಲ್ಲಿ ಇಳುವರಿ ಕಡಿಮೆ. ತೆನೆ ಕೈಕೊಟ್ಟರೆ ಮನೆಮಂದಿಯ ಹೊಟ್ಟೆಗೇ ಪೆಟ್ಟು.

ಮೆಂಡಲ್ ಬಟಾಣಿ ಗಿಡಗಳಲ್ಲಿ ಕಂಡ ನಿಯಮ ನಾವು ಹೈಸ್ಕೂಲಿನಲ್ಲಿ ಓದಿದ್ದೇ. ಬಟಾಣಿ ಹೂವು ದೊಡ್ಡದು, ಚಿಮಟಿಗೆಯಿಂದ ಕೇಸರ ಕಿತ್ತು ಬೇರೆ ಗಿಡದ ಪರಾಗ ಹಾಕಬಹುದು. ರಾಗಿಯ ಹೂವು ಕಣ್ಣಿಗೆ ಕಾಣುವುದೇ ಕಷ್ಟ. ಬೆಳಗಾಗುವ ಮೊದಲೇ ಅರಳಿ, ತನ್ನ ಪರಾಗವನ್ನು ತಾನೇ ಪಡೆದು ಮುಗಿಸಿರುತ್ತದೆ. ಹೀಗಾಗಿ ತಳಿಗಾರರು ಎರಡು ಗಿಡಗಳ ತೆನೆಗಳನ್ನು ಜೋಡಿಸಿ ಕಟ್ಟಿ, ಚೀಲ ಹಾಕಿ ಬಿಡುವ ಉಪಾಯ ಕಂಡುಕೊಂಡರು. ತಾಯಿ ಹಸಿರು ಗಿಡ, ತಂದೆ ನೇರಳೆ ಛಾಯೆಯ ಗಿಡ. ನೇರಳೆ ಪ್ರಬಲ ಗುಣ. ತಾಯಿ ತೆನೆಯ ಕಾಳು ಬಿತ್ತಿದಾಗ ನೇರಳೆ ಸಸಿ ಬಂದರೆ ಅದೇ ಬೆರಕೆ. ಉಳಿದದ್ದೆಲ್ಲ ಹಳೆಯ ತಳಿಯೇ. ನನ್ನ ಕೆಲಸದಲ್ಲಿ ತಪ್ಪಾದರೆ ಐದು ನಿಮಿಷದಲ್ಲಿ ತಿದ್ದಬಹುದು. ಅವರು ಮುಂದಿನ ಬೆಳೆಯ ತನಕ ಕಾಯಬೇಕಿತ್ತು.

ಮೊದಲು ಅವರು ಇಲ್ಲಿನ ರಾಗಿಗಳಿಂದಲೇ ಅರುಣ, ಉದಯ, ಪೂರ್ಣ, ಅನ್ನಪೂರ್ಣ, ಕಾವೇರಿ, ಶಕ್ತಿ ತಳಿಗಳನ್ನು ಕೊಟ್ಟರು. ಆಮೇಲೆ ದೃಷ್ಟಿ ಆಫ್ರಿಕಾದ ಕಡೆ ಹೊರಳಿತು. ರಾಗಿಯ ತವರು ಪೂರ್ವ ಆಫ್ರಿಕಾದ ಗುಡ್ಡಗಾಡು; ಸಾವಿರಾರು ವರ್ಷಗಳ ಹಿಂದೆ ನಮ್ಮ ನಾಡಿಗೆ ಬಂತು. ಅಲ್ಲಿಯದಕ್ಕೆ ದಪ್ಪ ಕಾಂಡ, ದೊಡ್ಡ ತೆನೆ, ಆದರೆ ಮಾಗುವುದು ತಡ. ನಮ್ಮದು ಬೇಗ ಮಾಗುತ್ತದೆ. ಅಗಲಿದ ಈ ದಾಯಾದಿಗಳನ್ನು ಅವರು ಕೂಡಿಸಿದರು. ಇಂಡಿಯಾ, ಆಫ್ರಿಕಾ ಸೇರಿ ತಳಿಗೆ ‘ಇಂಡಾಫ್’ ಎಂಬ ಹೆಸರಾಯಿತು.

ಇಂಥ ಬೆರಕೆಯಲ್ಲಿ ಕೋಶಕೇಂದ್ರದ ಜೀನುಗಳು ತಂದೆ ತಾಯಿ ಇಬ್ಬರಿಂದಲೂ ಬರುತ್ತವೆ. ಎಲೆಗೆ ಹಸಿರು ಕೊಡುವ ಕ್ಲೋರೋಪ್ಲಾಸ್ಟ್ ಮಾತ್ರ ರಾಗಿಯಲ್ಲಿ ತಾಯಿಯದೇ. ಅದಕ್ಕೆ ತನ್ನದೇ ಡಿಎನ್‌ಎ ಇದೆ. ಕಾರಣ, ನೂರು ಕೋಟಿ ವರ್ಷಗಳಿಗೂ ಹಿಂದೆ ಅದು ಸ್ವತಂತ್ರ ಬ್ಯಾಕ್ಟೀರಿಯಾ ಆಗಿತ್ತು. ಇನ್ನೊಂದು ಜೀವಕೋಶದೊಳಗೆ ಹೊಕ್ಕು ಅಲ್ಲೇ ಒಕ್ಕಲಾಯಿತು. ಮೈಟೊಕಾಂಡ್ರಿಯದ ಕಥೆಯೂ ಇದೇ. ಈ ಡಿಎನ್‌ಎ ಹಿಡಿದು ಹೋದ ವಿಜ್ಞಾನಿಗಳಿಗೆ ರಾಗಿಯ ಮೂಲ ತಾಯಿಯೇ ಸಿಕ್ಕಳು: ನಮ್ಮ ಹಾದಿಬದಿಯಲ್ಲೂ ಬೆಳೆಯುವ ಎಲ್ಯೂಸಿನ್ ಇಂಡಿಕಾ ಎಂಬ ಹುಲ್ಲು.

ಜನ ಅವರನ್ನು ರಾಗಿ ಬ್ರಹ್ಮ ಎಂದೇ ಕರೆದರು. 1993ರಲ್ಲಿ ತೀರಿಕೊಂಡರು. ಆನಂತರ ರೈತರು ಮೆಚ್ಚಿ ಬೆಳೆಯುತ್ತ ಬಂದ ಜಿಪಿಯು-28 ತಳಿಯ ವಂಶಾವಳಿಯಲ್ಲಿ ಇಂಡಾಫ್-5 ಇದೆ, ಇಂಡಾಫ್-9 ಕೂಡ ಇದೆ.