ವಿದುಷಿ ಸರಳಾದೇವಿ ಚೌಧುರಾಣಿ

ಮೈಸೂರಿನ ಮಹಾರಾಣಿ ಕಾಲೇಜಿನ ಹೆಸರನ್ನು ಕೇಳದ ಕನ್ನಡ ಮನೆತನಗಳು ವಿರಳ. ಆ ಸಂಸ್ಥೆಯು ಇನ್ನೂ ಬಾಲಿಕಾ ಪಾಠಶಾಲೆಯಾಗಿದ್ದ ಕಾಲದಲ್ಲಿ, ದೂರದ ಬಂಗಾಳದಿಂದ ಬಂದು ಅಲ್ಲಿ ವಿದ್ಯಾದಾನ ಮಾಡಿದ ಮಹಿಳೆಯೊಬ್ಬರ ಜೀವನವು ಸ್ಮರಣಯೋಗ್ಯವಾಗಿದೆ. ಅವರೇ ಸರಳಾದೇವಿ ಚೌಧುರಾಣಿಯವರು.

ಸರಳಾದೇವಿಯವರು 1872ರ ಸೆಪ್ಟೆಂಬರ್ 9ರಂದು ಕಲ್ಕತ್ತೆಯಲ್ಲಿ ಜನಿಸಿದರು. ತಂದೆ ಜಾನಕೀನಾಥ ಘೋಷಾಲರು. ತಾಯಿ ಖ್ಯಾತ ಲೇಖಕಿ ಸ್ವರ್ಣಕುಮಾರೀ ದೇವಿಯವರು. ಕವಿ ರವೀಂದ್ರನಾಥ ಠಾಕೂರರು ಇವರ ಸೋದರಮಾವ. ಹೆಣ್ಣುಮಕ್ಕಳ ಉನ್ನತ ವಿದ್ಯಾಭ್ಯಾಸವು ಅತ್ಯಪೂರ್ವವಾಗಿದ್ದ ಆ ದಿನಗಳಲ್ಲಿ, 1890ರಲ್ಲಿ, ಬೆಥೂನ್ ಕಾಲೇಜಿನಿಂದ ಬಿ.ಎ. ಪದವಿಯನ್ನು ಪಡೆದು ಪದ್ಮಾವತೀ ಸುವರ್ಣಪದಕಕ್ಕೆ ಪಾತ್ರರಾದರು.

ಅವರ ಮನೆಯಲ್ಲಿ ಅನ್ನವಸ್ತ್ರಗಳಿಗೆ ಕೊರತೆಯಿರಲಿಲ್ಲ. ಆದರೂ ಗಂಡುಮಕ್ಕಳಂತೆ ತಾವೂ ಸ್ವಂತ ದುಡಿಮೆಯಿಂದ ಜೀವಿಸಬೇಕೆಂಬುದು ಅವರ ದೃಢಸಂಕಲ್ಪವಾಗಿತ್ತು. ಮನೆತನದ ಹೆಣ್ಣುಮಗಳು ಒಬ್ಬಳೇ ಪರಸ್ಥಳದಲ್ಲಿ ಉದ್ಯೋಗಕ್ಕೆ ನಿಲ್ಲುವುದನ್ನು ಸಮಾಜವು ಒಪ್ಪದಿದ್ದ ಕಾಲವದು.

ಮೈಸೂರಿನ ಮಹಾರಾಣಿ ಬಾಲಿಕಾ ಪಾಠಶಾಲೆಯು 1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರ್ಯರ ಪರಿಶ್ರಮದಿಂದಲೂ ಅರಮನೆಯ ಆಶ್ರಯದಿಂದಲೂ ಆರಂಭವಾಗಿತ್ತು. 1894ರ ಡಿಸೆಂಬರಿನಲ್ಲಿ ಚಾಮರಾಜೇಂದ್ರ ಒಡೆಯರು ಕಲ್ಕತ್ತೆಯಲ್ಲಿ ಸ್ವರ್ಗಸ್ಥರಾದ ತರುವಾಯ, ಮಹಾರಾಣಿ ವಾಣಿವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿ ಆಳುತ್ತಿದ್ದರು. ಬಾಲ್ಯವಿವಾಹದ ನಿಮಿತ್ತ ಬಾಲಕಿಯರು ಬೇಗನೆ ಶಾಲೆಯನ್ನು ತೊರೆಯುತ್ತಿದ್ದುದರಿಂದ, ಕಲಿತ ಶಿಕ್ಷಕಿಯರು ದೊರೆಯುವುದೇ ದುರ್ಲಭವಾಗಿತ್ತು. ಇಂತಹ ಸಮಯದಲ್ಲಿ, 1895ರಲ್ಲಿ, ಇಪ್ಪತ್ತಮೂರರ ಆಸುಪಾಸಿನ ಸರಳಾದೇವಿಯವರು ಈ ಶಾಲೆಯ ಸೇವೆಗೆ ಬಂದರು.

ಸಂಗೀತದಲ್ಲಿ ನುರಿತಿದ್ದ ಅವರು ಇಲ್ಲಿ ಕೇಳಿದ ದಕ್ಷಿಣದ ರಾಗಧಾಟಿಗಳನ್ನು ಸಂಗ್ರಹಿಸಿ ಸೋದರಮಾವನಿಗೆ ಒಪ್ಪಿಸಿದರು. ರವೀಂದ್ರರು ಅವುಗಳನ್ನು ಅನುಸರಿಸಿ ವಂಗಭಾಷೆಯಲ್ಲಿ ಗೀತೆಗಳನ್ನು ರಚಿಸಿದರು. ಹೀಗೆ ಕಲಿಸಲು ಬಂದವರು ಕಲಿತೂ ಹೋದರು.

ಆದರೆ ಒಂದು ರಾತ್ರಿ ಪುರುಷನೊಬ್ಬನು ಅವರ ವಾಸದ ಮನೆಗೆ ನುಗ್ಗಿದ ಪ್ರಸಂಗ ನಡೆಯಿತು. ಏಕಾಕಿಯಾದ ಮಹಿಳೆಗೆ ಸ್ವಾವಲಂಬನೆಯ ದಾರಿ ಎಷ್ಟು ಕಠಿಣವೆಂಬುದನ್ನು ಅದು ತೋರಿಸಿತು. ಸುಮಾರು ಒಂದು ವರ್ಷದ ಬಳಿಕ ಅವರು ಕಲ್ಕತ್ತೆಗೆ ಹಿಂದಿರುಗಿದರು.

ಸ್ಥಳವನ್ನು ಬಿಟ್ಟರೂ ಅವರು ಧ್ಯೇಯವನ್ನು ಬಿಡಲಿಲ್ಲ. ‘ಭಾರತೀ’ ಪತ್ರಿಕೆಯ ಸಂಪಾದಕತ್ವವನ್ನು ವಹಿಸಿದರು. 1905ರಲ್ಲಿ ಪಂಜಾಬಿನ ರಾಮಭುಜ ದತ್ತ ಚೌಧುರಿಯವರನ್ನು ವಿವಾಹವಾಗಿ ಲಾಹೋರಿನಲ್ಲಿ ನೆಲೆಸಿದರು. 1910ರಲ್ಲಿ ಅಲಹಾಬಾದಿನಲ್ಲಿ ‘ಭಾರತ ಸ್ತ್ರೀ ಮಹಾಮಂಡಲ’ವನ್ನು ಸ್ಥಾಪಿಸಿದರು. ಪರದೆಯ ಕಟ್ಟಳೆಯಿಂದ ಹೊಸ್ತಿಲು ದಾಟಲಾರದ ಗೃಹಿಣಿಯರಿಗಾಗಿ ಶಿಕ್ಷಕಿಯರನ್ನು ಮನೆಮನೆಗೆ ಕಳುಹಿಸಿ ಅಕ್ಷರ ಕಲಿಸಿದ್ದು ಈ ಸಂಸ್ಥೆಯ ಮಹತ್ಕಾರ್ಯ. ಲಾಹೋರ್, ದೆಹಲಿ, ಕರಾಚಿ, ಕಲ್ಕತ್ತೆ ಮುಂತಾದೆಡೆ ಅದರ ಶಾಖೆಗಳು ಹರಡಿದವು.

1923ರಲ್ಲಿ ಪತಿವಿಯೋಗವುಂಟಾಯಿತು. ಅನಂತರ ಕಲ್ಕತ್ತೆಗೆ ಮರಳಿದ ಅವರು 1930ರಲ್ಲಿ ಬಾಲಿಕೆಯರಿಗಾಗಿ ‘ಶಿಕ್ಷಾ ಸದನ’ವೆಂಬ ಶಾಲೆಯನ್ನು ತೆರೆದರು. ಕಡೆಗಾಲದಲ್ಲಿ ಸಾರ್ವಜನಿಕ ಜೀವನದಿಂದ ನಿವೃತ್ತರಾಗಿ ಅಧ್ಯಾತ್ಮಚಿಂತನೆಯಲ್ಲಿ ನಿರತರಾದರು. 1945ರ ಆಗಸ್ಟ್ 18ರಂದು ದಿವಂಗತರಾದರು.

ಮೈಸೂರಿನಲ್ಲಿ ಅವರು ಇದ್ದುದು ಅಲ್ಪಕಾಲ. ಅವರು ಪಾಠ ಹೇಳಿದ ಶಾಲೆಯು ಮುಂದೆ ಕಾಲೇಜಾಗಿ ಬೆಳೆದು ಅಸಂಖ್ಯಾತ ಕನ್ನಡ ಸ್ತ್ರೀಯರಿಗೆ ಜ್ಞಾನದ ಬಾಗಿಲನ್ನು ತೆರೆಯಿತು. ಕೈಗೊಂಡ ಸಂಕಲ್ಪಕ್ಕೆ ಒಂದೆಡೆ ವಿಘ್ನ ಬಂದರೆ ಮತ್ತೊಂದೆಡೆ ಅದನ್ನು ನಡೆಸಬೇಕು. ಹೊಸ್ತಿಲು ದಾಟಲಾರದವರ ಬಳಿಗೆ ವಿದ್ಯೆಯೇ ನಡೆದು ಹೋಗಬೇಕು. ಸರಳಾದೇವಿಯವರ ಬಾಳು ನಮ್ಮ ಮನೆಗಳ ಹೆಣ್ಣುಮಕ್ಕಳಿಗೆ ಕಲಿಸುವ ಪಾಠವಿದು.