ಮಹಾಕ್ಷೋಭದ ವರೆಗೆ ಎಣಿಸಿದ ಮಹಾವೀರಾಚಾರ್ಯರು

ಅಮೋಘವರ್ಷ ನೃಪತುಂಗನೆಂದೊಡನೆ ನಮಗೆ ನೆನಪಾಗುವುದು ‘ಕವಿರಾಜಮಾರ್ಗ’. ಅದೇ ರಾಷ್ಟ್ರಕೂಟ ದೊರೆಯ ಕಾಲದಲ್ಲಿ, ಸುಮಾರು ಕ್ರಿ.ಶ. 850ರಲ್ಲಿ, ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ರಚಿಸಿದ ಮಹಾವೀರಾಚಾರ್ಯರನ್ನು ನಾವು ಅಷ್ಟಾಗಿ ನೆನೆಯುವುದಿಲ್ಲ. ಶಾಲೆಯ ಮಕ್ಕಳು ಬೆದರುವ ಒಂದು ಪಾಠ ಅವರಿಂದ ಹಗುರಾಗುವುದಾದರೆ ನೆನೆಯುವುದು ಒಳ್ಳೆಯದು.

ಆಚಾರ್ಯರು ದಿಗಂಬರ ಜೈನರು. ಹುಟ್ಟೂರನ್ನಾಗಲಿ ತಾಯ್ತಂದೆಯರನ್ನಾಗಲಿ ಗ್ರಂಥದಲ್ಲಿ ಹೇಳಿಕೊಂಡವರಲ್ಲ. ವರ್ಧಮಾನ ಜಿನನಿಗೆ ವಂದಿಸಿ, ಅಮೋಘವರ್ಷನನ್ನು ಹೊಗಳಿ ಲೆಕ್ಕಕ್ಕೆ ಇಳಿದವರು. ಗಣಿತವು ಬಹುಮಟ್ಟಿಗೆ ಜ್ಯೋತಿಷ ಗ್ರಂಥಗಳ ಒಂದೆರಡು ಅಧ್ಯಾಯವಾಗಿದ್ದ ಕಾಲದಲ್ಲಿ ಇವರು ಒಂಬತ್ತು ಅಧ್ಯಾಯಗಳನ್ನು, 1100ಕ್ಕೂ ಮಿಕ್ಕಿದ ಶ್ಲೋಕಗಳನ್ನು ಗಣಿತಕ್ಕೇ ಮೀಸಲಿಟ್ಟರು. ಅಡುಗೆ, ಸಂಗೀತ, ವೈದ್ಯ, ವಾಸ್ತು ಯಾವುದೂ ಲೆಕ್ಕವಿಲ್ಲದೆ ನಡೆಯದೆಂಬುದು ಅವರ ಮತ. ಸೊನ್ನೆಯಿಂದ ಭಾಗಿಸಿದರೆ ಸಂಖ್ಯೆ ಬದಲಾಗದೆಂದದ್ದು ತಪ್ಪೇ ಸರಿ. ಆದರೆ ಋಣಸಂಖ್ಯೆಗೆ ವರ್ಗಮೂಲವಿಲ್ಲವೆಂದು ಗುರುತಿಸಿದ್ದು ಆ ಕಾಲಕ್ಕೆ ಸಣ್ಣ ಮಾತಲ್ಲ.

ನಮಗೆ ಇಲ್ಲಿ ಬೇಕಾದುದು ಅವರ ಸ್ಥಾನಗಳ ಪಟ್ಟಿ. ಏಕ, ದಶ, ಶತ, ಸಹಸ್ರ ಎಂದು ಹೊರಟು ಲಕ್ಷ, ಕೋಟಿ, ಅರ್ಬುದ, ಖರ್ವ, ಪದ್ಮ, ಶಂಖಗಳನ್ನು ದಾಟಿ ಮಹಾಕ್ಷೋಭದ ವರೆಗೆ ಒಟ್ಟು 24 ಸ್ಥಾನಗಳಿಗೆ ಅವರು ಹೆಸರಿಟ್ಟರು. ಲೋಕದ ವಿಸ್ತಾರವನ್ನೂ ಕಾಲದ ದೀರ್ಘತೆಯನ್ನೂ ಬಲು ದೊಡ್ಡ ಸಂಖ್ಯೆಗಳಲ್ಲಿ ಹೇಳುವ ಜೈನ ಪರಂಪರೆಗೆ ಇದು ಬೇಕಾಗಿತ್ತು. ಒಂದರಿಂದ ಆರರ ವರೆಗೆ ಏರಿ ಮತ್ತೆ ಒಂದಕ್ಕೆ ಇಳಿಯುವ 12345654321ರಂತಹ ಹಾರಗಳನ್ನು ಗುಣಾಕಾರದಿಂದ ಕಟ್ಟಿ ತೋರಿಸುವ ವಿನೋದವೂ ಅವರಿಗಿತ್ತು.

ಇಂದಿನ ಎಂಟನೆಯ ತರಗತಿಯ ಪುಸ್ತಕ ಹೇಳುವುದು ಇದನ್ನೇ ಬೇರೊಂದು ವೇಷದಲ್ಲಿ. ಸೂರ್ಯನಿಗೂ ನಮಗೂ ಸುಮಾರು 15 ಕೋಟಿ ಕಿಲೋಮೀಟರ್ ದೂರ. ಇದನ್ನು 1.5 ಗುಣಿಸು 10ರ ಘಾತ 8 ಎಂದು ಬರೆಯಬೇಕು. ಮುಂದಿನ ಸಂಖ್ಯೆ ಒಂದಕ್ಕೆ ಕಡಿಮೆಯಾಗಬಾರದು, ಹತ್ತನ್ನು ಮುಟ್ಟಬಾರದು. ಮಕ್ಕಳು ಎಡವುವುದು ಘಾತದಲ್ಲಿ. ಕೋಟಿ ಎಂಟನೆಯ ಸ್ಥಾನವೆಂದು ಎಣಿಸಿ, ಒಂದು ಕೋಟಿಗೆ ಘಾತ 8 ಎಂದು ಬರೆದುಬಿಡುತ್ತಾರೆ. ಉತ್ತರ ಹತ್ತು ಪಟ್ಟು ಹಿಗ್ಗುತ್ತದೆ. ಆಚಾರ್ಯರ ಪಟ್ಟಿಯನ್ನು ಬೆರಳ ಮೇಲೆ ಎಣಿಸಿದರೆ ಗುಟ್ಟು ತಿಳಿಯುತ್ತದೆ: ಏಕಸ್ಥಾನಕ್ಕೆ ಸೊನ್ನೆಯೇ ಇಲ್ಲ, ಅದರ ಘಾತ 0. ಆದುದರಿಂದ ಘಾತವು ಸ್ಥಾನಕ್ಕಿಂತ ಯಾವಾಗಲೂ ಒಂದು ಕಡಿಮೆ. ಕೋಟಿಗೆ 7, ಇಪ್ಪತ್ತನಾಲ್ಕನೆಯ ಮಹಾಕ್ಷೋಭಕ್ಕೆ 23.

ಹೆಸರುಗಳಿಗೆ ಒಂದು ಕೊರತೆಯೂ ಉಂಟು. ಲಕ್ಷವನ್ನು ಕೋಟಿಯಿಂದ ಗುಣಿಸಿದರೆ ಏನೆಂದು ಹೆಸರೇ ಹೇಳದು. ಘಾತ ಹೇಳುತ್ತದೆ: 5 ಕೂಡಿಸು 7, ಹನ್ನೆರಡು, ಅದು ಖರ್ವ. ಒಂದಕ್ಕಿಂತ ಚಿಕ್ಕದಾದ ಅಳತೆಗಳಿಗೆ ಆ ಪಟ್ಟಿಯಲ್ಲಿ ಹೆಸರಿಲ್ಲ, ಅಲ್ಲಿಗೆ ಋಣಘಾತವೇ ಬೇಕು. ಹಾಗಿದ್ದರೂ ಹದಿನೆಂಟು ಗ್ರಾಂ, ಎಂದರೆ ಒಂದು ಗುಟುಕು ನೀರಿನಲ್ಲಿರುವ ಅಣುಗಳ ಸಂಖ್ಯೆ ಸುಮಾರು 6 ಗುಣಿಸು 10ರ ಘಾತ 23. ಆಚಾರ್ಯರ ಲೆಕ್ಕದಲ್ಲಿ ಆರು ಮಹಾಕ್ಷೋಭ!

ಗ್ರಂಥ ಒಂದೇ ಭಾಷೆಯಲ್ಲಿ ಉಳಿಯಲಿಲ್ಲ. ಹನ್ನೊಂದನೆಯ ಶತಮಾನದಲ್ಲಿ ಪಾವುಲೂರಿ ಮಲ್ಲನ ಅದನ್ನು ತೆಲುಗಿಗೆ ತಂದನು. ಹಿಂದೂಪುರದ ಬಳಿಯ ಸೋಮಂದೇಪಲ್ಲಿಯಂತಹ ಗಡಿಸೀಮೆಯ ಊರುಗಳ ಮಕ್ಕಳಿಗೆ, ಮನೆಮಾತು ಕನ್ನಡವಿರಲಿ ತೆಲುಗಿರಲಿ, ಈ ಲೆಕ್ಕ ಹೊರಗಿನದಲ್ಲ. ಗಡಿನಾಡಿನವರಾದ ನಮಗೆ ಇದು ಬೇಗ ಅರ್ಥವಾಗುವ ಮಾತು. 1912ರಲ್ಲಿ ಎಂ. ರಂಗಾಚಾರ್ಯರು ಮದರಾಸಿನಲ್ಲಿ ಮೂಲವನ್ನು ಇಂಗ್ಲಿಷ್ ಅನುವಾದದೊಡನೆ ಅಚ್ಚು ಹಾಕಿಸಿದರು. ಪದ್ಮಾವತಮ್ಮನವರ ಕನ್ನಡ ಅನುವಾದ ಹೊಂಬುಜದಿಂದ ಹೊರಬಂದುದು 2000ದಲ್ಲಿ.